ಪೆನ್ಸಿಲ್ಲಿನ ಮೇಲೆ ಶಾಯಿ

ಇಪ್ಪತ್ತಾರು ವರ್ಷ ನಾನು ಔಷಧಿ ಚೀಟಿಗಳನ್ನು ಪೆನ್ಸಿಲ್ಲಿನಲ್ಲೇ ಬರೆದೆ.

ನಮ್ಮ ಆರೋಗ್ಯ ಕೇಂದ್ರಕ್ಕೆ ಡಾಕ್ಟರು ಬರುವುದು ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ. ಉಳಿದ ದಿನ ಅವರು ಇನ್ನೂ ಮೂರು ಕೇಂದ್ರಗಳ ಪಾಲು. ಅವರು ಬರುವ ದಿನ ಬೆಳಗ್ಗೆ ಏಳಕ್ಕೇ ಹೊರಗಿನ ಬೆಂಚು ತುಂಬಿರುತ್ತದೆ. ಬಂದವರನ್ನು ಮೊದಲು ನಾನು ನೋಡಬೇಕು. ಜ್ವರ ಅಳೆದು, ಬಿ.ಪಿ. ನೋಡಿ, ಎಲ್ಲಿ ನೋವು, ಎಷ್ಟು ದಿನದಿಂದ ಎಂದು ಕೇಳಿ, ಏನು ಕೊಡಬೇಕೆಂದು ನನಗೆ ತೋಚಿದ್ದನ್ನು ಚೀಟಿಯ ಮೇಲೆ ಪೆನ್ಸಿಲ್ಲಿನಿಂದ ಬರೆದು ಒಳಕ್ಕೆ ಕಳಿಸುತ್ತಿದ್ದೆ. ಡಾಕ್ಟರು ಅವರನ್ನು ಇನ್ನೊಮ್ಮೆ ನೋಡಿ, ನನ್ನ ಅಕ್ಷರದ ಮೇಲೆಯೇ ಶಾಯಿಯಲ್ಲಿ ಬರೆದು ಸಹಿ ಹಾಕುತ್ತಿದ್ದರು. ಈ ಪದ್ಧತಿ ಯಾವ ಪುಸ್ತಕದಲ್ಲೂ ಇಲ್ಲ. ಜನ ಹೆಚ್ಚು, ಡಾಕ್ಟರು ಒಬ್ಬರೇ ಎಂದು ನಾವಿಬ್ಬರೂ ಸೇರಿ ಮಾಡಿಕೊಂಡದ್ದು. ಪೆನ್ಸಿಲನ್ನು ನಾನು ತುರುಬಿಗೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದುದರಿಂದ ಜನರ ಬಾಯಲ್ಲಿ ಪೆನ್ಸಿಲಕ್ಕ ಆದೆ. ನನ್ನ ನಿಜವಾದ ಹೆಸರು ಕರೆದರೆ ಈಗ ನಾನೇ ತಿರುಗಿ ನೋಡುತ್ತೇನೋ ಇಲ್ಲವೋ.

ಡಾಕ್ಟರಿಗೆ ಒಂದು ಅಭ್ಯಾಸವಿತ್ತು. ಎಲ್ಲ ಬರೆದಾದ ಮೇಲೆ, ಸಹಿ ಹಾಕುವ ಮುಂಚೆ, ಪೆನ್ನನ್ನು ಕಾಗದದಿಂದ ಒಂದು ಬೆರಳಷ್ಟು ಮೇಲೆ ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದರು. ಎಂಟು ಸೆಕೆಂಡು, ಹತ್ತು ಸೆಕೆಂಡು. ಕಣ್ಣು ಚೀಟಿಯ ಮೇಲಲ್ಲ, ಎದುರಿಗಿದ್ದವರ ಮುಖದ ಮೇಲೆ. ಮೊಣಕಾಲು ನೋವಿಗೆಂದು ತಿಂಗಳಿಗೊಮ್ಮೆ ತಪ್ಪದೆ ಬರುವ ಅಜ್ಜ ಒಬ್ಬರಿದ್ದಾರೆ, ಎಲ್ಲರೂ ಮೊಣಕಾಲಜ್ಜ ಎಂದೇ ಕರೆಯುವುದು. ಅವರು ಬಾಗಿಲ ಕಡೆ ತಿರುಗಿ, "ಡಾಕ್ಟರ ಪೆನ್ನಿಗೆ ನಿದ್ದೆ ಬಂತು, ಯಾರಾದ್ರೂ ಎಬ್ಬಿಸ್ರಪ್ಪಾ" ಅನ್ನುತ್ತಿದ್ದರು. ಬೆಂಚಿನವರೆಲ್ಲ ನಗುತ್ತಿದ್ದರು. ಡಾಕ್ಟರೂ ನಗುತ್ತಿದ್ದರು, ಪೆನ್ನು ಮಾತ್ರ ಕೆಳಗಿಳಿಯುತ್ತಿರಲಿಲ್ಲ. ಆಮೇಲೆ ಏನೋ ಒಂದು ಪ್ರಶ್ನೆ. ಬಹಳ ಸಲ ಅದೇ ಪ್ರಶ್ನೆ: "ಚಿಕ್ಕೋರಿದ್ದಾಗ ಯಾವುದಾದ್ರೂ ಔಷಧಿ ಒಗ್ಗದೆ ಹೋಗಿತ್ತಾ?" ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಇಲ್ಲ ಅನ್ನುತ್ತಿದ್ದರು. ಆಗ ಸಹಿ ಬೀಳುತ್ತಿತ್ತು.

ನನಗೆ ಒಳಗೊಳಗೇ ಸಿಟ್ಟು. ಹೊರಗೆ ನಲವತ್ತು ಜನ ಕಾದಿದ್ದಾರೆ, ಮಕ್ಕಳು ಅಳುತ್ತಿವೆ, ಇವರು ಪೆನ್ನು ಹಿಡಿದು ಧ್ಯಾನ ಮಾಡುತ್ತಾರೆ. ಒಬ್ಬೊಬ್ಬರು ಮಾತಿಗೆ ಮುಂಚೆ ಗಂಟಲು ಕೆರೆದುಕೊಳ್ಳುವುದಿಲ್ಲವೇ, ಅಂಥದ್ದೇ ಒಂದು ಚಾಳಿ ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ನಿಯಮ ಬದಲಾಯಿತು. ಇಷ್ಟು ವರ್ಷ ಕೆಲಸ ಮಾಡಿರುವ ನರ್ಸುಗಳು ಒಂದು ವರ್ಷದ ತರಬೇತಿ ಮುಗಿಸಿ ಪರೀಕ್ಷೆ ಪಾಸಾದರೆ, ಗೊತ್ತುಮಾಡಿದ ಪಟ್ಟಿಯಲ್ಲಿನ ಔಷಧಿಗಳನ್ನು ತಾವೇ ಬರೆದು ತಾವೇ ಸಹಿ ಹಾಕಬಹುದು. ಅರ್ಜಿಯನ್ನು ನನ್ನ ಮೇಜಿನ ಮೇಲೆ ತಂದಿಟ್ಟವರು ಡಾಕ್ಟರೇ. "ಸೋಮವಾರ ಬಿದ್ದ ಜ್ವರ ಮಂಗಳವಾರದವರೆಗೆ ಕಾಯುತ್ತೆ ಸಿಸ್ಟರ್. ಶನಿವಾರದ್ದು ಕಾಯಲ್ಲ" ಅಂದರು. ಅಷ್ಟೇ.

ಐವತ್ತೊಂದನೆಯ ವಯಸ್ಸಿನಲ್ಲಿ ಇಪ್ಪತ್ತೈದರ ಹುಡುಗಿಯರ ಪಕ್ಕ ಕೂತು ಓದಿದೆ. ಔಷಧಿಗಳ ಹೆಸರು ಗೊತ್ತಿತ್ತು, ಪ್ರಮಾಣ ಗೊತ್ತಿತ್ತು. ಅವು ದೇಹದೊಳಗೆ ಹೋಗಿ ಏನು ಮಾಡುತ್ತವೆ, ಎಲ್ಲಿ ಕರಗುತ್ತವೆ, ಯಾವ ಬಾಗಿಲಿಂದ ಹೊರಗೆ ಬರುತ್ತವೆ ಎಂದು ಓದುವಾಗ ಮೈ ಜುಮ್ಮೆನ್ನುತ್ತಿತ್ತು. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದು, ಆ ಮನೆಗೊಂದು ನೆಲಮಾಳಿಗೆ ಇದೆ ಎಂದು ಈಗ ಗೊತ್ತಾದ ಹಾಗೆ.

ಪಾಸಾದೆ. ಅಂಚೆಯಲ್ಲಿ ಚೀಟಿಪುಸ್ತಕ ಬಂತು. ಪ್ರತಿ ಹಾಳೆಯ ತಲೆಯಲ್ಲೂ ನನ್ನ ಹೆಸರು, ಹೆಸರಿನ ಕೆಳಗೆ ಆರು ಅಂಕಿಯ ಒಂದು ಸಂಖ್ಯೆ. ಊಟದ ಮೇಜಿನ ಮೇಲಿಟ್ಟೆ. ನನ್ನ ಗಂಡ ಕೈ ಒರೆಸಿಕೊಂಡು ಬಂದು, ಮುಟ್ಟದೆ ಬಗ್ಗಿ ನೋಡಿದರು.

"ಇನ್ಮೇಲೆ ಈ ಮನೇಲೂ ನಿನ್ನ ಸಹಿ ಇಲ್ದೆ ಏನೂ ನಡಿಯಲ್ಲ ಅನ್ನು."

"ಇಷ್ಟು ದಿನ ನಡೀತಿತ್ತಾ?"

"ಸಹಿ ಇರಲಿಲ್ಲ. ಬರೀ ಗದರಿಕೆ ಇತ್ತು" ಅಂದರು. ನಕ್ಕೆವು. ಆದರೆ ಅವರು ಒಳಗೆ ಹೋದ ಮೇಲೆ ಬಹಳ ಹೊತ್ತು ಆ ಹಾಳೆ ನೋಡುತ್ತಾ ಕೂತೆ. ಮಕ್ಕಳ ಶಾಲೆಯ ಅರ್ಜಿಯಲ್ಲಿ ತಂದೆಯ ಸಹಿ, ಮನೆಯ ಕಾಗದದಲ್ಲಿ ಗಂಡನ ಸಹಿ, ಚೀಟಿಯಲ್ಲಿ ಡಾಕ್ಟರ ಸಹಿ. ನಾನೊಬ್ಬಳೇ ಸಹಿ ಹಾಕಿ, ಅದರಿಂದ ಏನಾದರೂ ನಡೆದದ್ದು ನೆನಪಿಗೆ ಬರಲಿಲ್ಲ.

ಎಲ್ಲರಿಗೂ ಸಂತೋಷವಾಗಿತ್ತು ಅಂತೇನಲ್ಲ. ಕೇಂದ್ರದ ಎದುರಿಗೆ, ರಸ್ತೆಯ ಆಚೆ, ನಮ್ಮ ಕಡೆಗೆ ಇರುವುದು ಒಂದೇ ಔಷಧಿ ಅಂಗಡಿ. ಅದರ ಯಜಮಾನರು ಬಹಳ ಖಡಕ್ಕು ಮನುಷ್ಯ. ಜ್ವರ, ತಲೆನೋವಿನ ಮಾತ್ರೆ ಬಿಟ್ಟರೆ ನಲವತ್ತು ವರ್ಷದಲ್ಲಿ ಚೀಟಿ ಇಲ್ಲದೆ ಒಂದು ಮಾತ್ರೆ ಕೊಟ್ಟವರಲ್ಲ. ಸ್ವಂತ ತಂಗಿ ಬಂದು ಕೇಳಿದರೂ "ಚೀಟಿ ಎಲ್ಲಿ?" ಅಂದವರು. ನಾನು ಹೊಸ ಚೀಟಿಪುಸ್ತಕ ತೋರಿಸಲು ಹೋದಾಗ ಕನ್ನಡಕ ಹಣೆಗೇರಿಸಿ ನೋಡಿದರು.

"ಸಂತೋಷ ಸಿಸ್ಟರಮ್ಮ. ಹಾಗಾದ್ರೆ ನಾಳೆಯಿಂದ ನಾನೂ ಆಪರೇಷನ್ ಶುರು ಮಾಡ್ತೀನಿ. ಚಾಕು ಮನೇಲಿದೆ."

"ಮಾಡಿ, ಹೊಲಿಗೆ ಹಾಕೋಕೆ ನಾನು ಬರ್ತೀನಿ."

ಅವರು ನಗಲಿಲ್ಲ. "ತಮಾಷೆ ಅಲ್ಲ. ನಿಯಮ ಅಂದಮೇಲೆ ನಿಮ್ಮ ಚೀಟಿಗೆ ಔಷಧಿ ಕೊಡ್ತೀನಿ. ಆದ್ರೆ ಒಂದು ತಪ್ಪು ಕಂಡ್ರೆ, ಒಂದೇ ಒಂದು, ಆಮೇಲೆ ಡಾಕ್ಟರ ಸಹಿ ಇಲ್ದೆ ಮುಟ್ಟಲ್ಲ. ಮೇಲಕ್ಕೂ ಬರೀತೀನಿ. ಇಪ್ಪತ್ತಾರು ವರ್ಷ ನಿಮ್ಮ ತಪ್ಪನ್ನ ಅವರು ಹಿಡೀತಿದ್ರು. ಇನ್ಮೇಲೆ ಯಾರು ಹಿಡೀತಾರೆ?"

ಚೀಟಿಪುಸ್ತಕ ಎತ್ತಿಕೊಂಡು ರಸ್ತೆ ದಾಟಿ ಬಂದೆ. ಸಿಟ್ಟಿಗೆ ಕಿವಿ ಬಿಸಿಯಾಗಿತ್ತು. ಪ್ರಶ್ನೆ ಮಾತ್ರ ಜೊತೆಗೇ ಬಂತು.

ಮೊದಲ ಚೀಟಿ ಬರೆಯಬೇಕಾಗಿ ಬಂದದ್ದು ಒಂದು ಬುಧವಾರ. ಬೆಳಗ್ಗೆ ಹತ್ತೂವರೆ ಇರಬೇಕು. ಲಸಿಕೆಯ ಫ್ರಿಜ್ಜಿನ ಉಷ್ಣತೆ ನೋಡಿ ಗೋಡೆಯ ಹಾಳೆಯಲ್ಲಿ ಬರೆಯುತ್ತಿದ್ದೆ. ಬಾಗಿಲಲ್ಲಿ ಅಂಗಡಿ ಯಜಮಾನರ ಹೆಂಡತಿ ನಿಂತಿದ್ದರು. ಹಿಂದೆ ಅವರ ಸೊಸೆ, ಎದೆಗವಚಿಕೊಂಡ ಏಳು ವಾರದ ಮಗು.

"ಎರಡು ದಿನದಿಂದ ಜ್ವರ ಸಿಸ್ಟರ್. ಇವಳ ಮಾವ ಜ್ವರದ ಮಾತ್ರೆ ಬಿಟ್ಟು ಬೇರೇನೂ ಕೊಡಲ್ಲ ಅಂತಾರೆ. ಚೀಟಿ ತನ್ನಿ, ಚೀಟಿ ತನ್ನಿ. ಸೊಸೆ ಸುಡ್ತಿದಾಳೆ, ಇವರಿಗೆ ಚೀಟಿ."

ಸೊಸೆಯನ್ನು ಮಂಚದ ಮೇಲೆ ಮಲಗಿಸಿ ಪರದೆ ಎಳೆದೆ. ನೂರಾ ಎರಡೂವರೆ ಜ್ವರ. ಎಡ ಮೊಲೆಯ ಹೊರಮಗ್ಗುಲಲ್ಲಿ ಅಂಗೈ ಅಗಲ ಕೆಂಪು, ಮುಟ್ಟಿದರೆ ಕಾದ ತವೆಯ ಹಾಗೆ. ಹಾಲು ಕಟ್ಟಿ ಸೋಂಕು ತಗುಲಿತ್ತು. ಒಳಗೆ ಕೀವಿನ ಗಂಟು ಇನ್ನೂ ಆಗಿರಲಿಲ್ಲ, ಎರಡೆರಡು ಸಲ ಒತ್ತಿ ನೋಡಿದೆ. ಇವತ್ತೇ ಆ್ಯಂಟಿಬಯಾಟಿಕ್ ಶುರುವಾದರೆ ಇಲ್ಲಿಗೇ ನಿಲ್ಲುತ್ತದೆ. ಶುಕ್ರವಾರ ಡಾಕ್ಟರು ಬರುವವರೆಗೆ ಬಿಟ್ಟರೆ ಗಂಟು ಕಟ್ಟಿ, ದೊಡ್ಡ ಆಸ್ಪತ್ರೆಯಲ್ಲಿ ಕೊಯ್ಯಿಸಬೇಕಾಗುತ್ತದೆ. ಹುಡುಗಿ ತುಟಿ ಕಚ್ಚಿಕೊಂಡು ಮೇಲಿನ ಫ್ಯಾನನ್ನೇ ನೋಡುತ್ತಿದ್ದಳು.

"ಯಾಕಮ್ಮ ಮೊದಲೇ ಬರಲಿಲ್ಲ?"

"ಎಲ್ರಿಗೂ ಹೀಗೇ ಆಗುತ್ತೇನೋ ಅಂದ್ಕೊಂಡೆ" ಅಂದಳು.

ಪರದೆ ಸರಿಸಿ ಬಂದು ಮೇಜಿನ ಮುಂದೆ ಕೂತೆ. ಡಾಕ್ಟರಿಗೆ ಫೋನ್ ಮಾಡಲೇ ಎಂದು ಕೈ ಹೋಯಿತು. ಅವರು ಒಮ್ಮೆ ಹೇಳಿದ್ದರು, "ಅನುಮಾನ ಇದ್ರೆ ಫೋನ್ ಮಾಡಿ ಸಿಸ್ಟರ್, ಯಾವ ಹೊತ್ತಾದ್ರೂ ಸರಿ. ಬರೀ ಭಯ ಇದ್ರೆ ಮಾಡ್ಬೇಡಿ. ಅದು ನನಗೂ ಇದೆ." ಅನುಮಾನ ಇರಲಿಲ್ಲ. ಯಾವ ಔಷಧಿ, ಎಷ್ಟು, ದಿನಕ್ಕೆ ಎಷ್ಟು ಸಲ, ಎಲ್ಲ ಗೊತ್ತಿತ್ತು. ಪೆನಿಸಿಲಿನ್ ಜಾತಿಯದು, ಇಂಥ ಸೋಂಕಿಗೆ ಎಲ್ಲರೂ ಮೊದಲು ಬರೆಯುವುದು. ಪೆನ್ಸಿಲ್ಲಿನ ಕಾಲದಲ್ಲಿ ನಾನೇ ನೂರು ಸಲ ಬರೆದಿದ್ದೆ. ಚೀಟಿಪುಸ್ತಕ ತೆಗೆದೆ. ಬರೆದೆ. ಒತ್ತಿ, ದೊಡ್ಡದಾಗಿ, ಮೊದಲ ಚೀಟಿ ನೋಡಿ ಆ ಯಜಮಾನರು ಅಕ್ಷರ ತಿಳಿಯಲಿಲ್ಲ ಅನ್ನಬಾರದು ಎಂಬಷ್ಟು ಸ್ಪಷ್ಟವಾಗಿ.

ಬರೆದು ನೋಡುತ್ತೇನೆ, ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ.

ಕೈ ತಾನಾಗಿಯೇ ತುರುಬಿಗೆ ಹೋಗಿತ್ತು. ಜೇಬಿನಲ್ಲಿ ಹೊಸ ಪೆನ್ನು ಮುಚ್ಚಳ ಕೂಡ ತೆಗೆಯದೆ ಕೂತಿತ್ತು. ನಗು ಬಂತು, ನಾಚಿಕೆಯೂ ಆಯಿತು. ಸರಿ, ಮೇಲೆ ಶಾಯಿಯಲ್ಲಿ ತಿದ್ದಿದರಾಯಿತು ಎಂದು ಪೆನ್ನು ತೆಗೆದು ಮೊದಲ ಅಕ್ಷರದ ಮೇಲೆ ತಂದೆ.

ಅಲ್ಲಿ ಕೈ ನಿಂತಿತು.

ಯಾರೂ ಹಿಡಿದಿರಲಿಲ್ಲ. ಪೆನ್ನು ಕಾಗದದಿಂದ ಒಂದು ಬೆರಳಷ್ಟು ಮೇಲಿತ್ತು. ಪೆನ್ಸಿಲ್ಲಿನ ಅಕ್ಷರ ನನ್ನದು, ಅದು ಗೊತ್ತು. ಶಾಯಿಯ ಕೈ ಯಾವತ್ತೂ ಇನ್ನೊಬ್ಬರದಾಗಿತ್ತು. ಈಗ ಆ ಕೈಯ ಕೊನೆಯಲ್ಲಿ ನನ್ನ ಬೆರಳುಗಳೇ ಇದ್ದವು. ಕೋಣೆಯಲ್ಲಿ ನಲ್ಲಿಯ ತೊಟ್ಟು ಬೀಳುವ ಸದ್ದು ಕೇಳಿತು. ನಾನು ಬರೆದ ಈ ಎರಡು ಸಾಲು ಇನ್ನು ಸ್ವಲ್ಪ ಹೊತ್ತಿಗೆ ಆ ಹುಡುಗಿಯ ನೆತ್ತರಿಗೆ ಇಳಿಯುತ್ತವೆ. ನೆತ್ತರಿಂದ ಹಾಲಿಗೆ, ಹಾಲಿನಿಂದ ಇನ್ನೂ ಕತ್ತು ನಿಲ್ಲದ ಆ ಕೂಸಿಗೆ. ಒಂದು ಹಾಳೆ, ಎರಡು ಜೀವ. ಇಷ್ಟು ದೊಡ್ಡದನ್ನು ಅವರು ದಿನಕ್ಕೆ ನಲವತ್ತು ಸಲ ಹೊತ್ತು, ಮುಖದಲ್ಲಿ ತೋರಿಸದೆ, ಮೊಣಕಾಲಜ್ಜನ ಮಾತಿಗೆ ನಗುತ್ತಾ ಕೂತಿದ್ದರಲ್ಲ ಎಂದು ನಾನು ಬೆರಗಾಗಿ ಹೋದೆ. ಚೀಟಿಯಿಂದ ಕಣ್ಣೆತ್ತಿ ಹುಡುಗಿಯ ಮುಖ ನೋಡಿದೆ. ನೋಡಿದ ಮೇಲೆ ಪ್ರಶ್ನೆ ತಾನಾಗಿ ಬಂತು.

"ಯಾವುದಾದ್ರೂ ಔಷಧಿ ನಿಂಗೆ ಒಗ್ಗದೆ ಹೋಗಿತ್ತೇನಮ್ಮ? ಮೈಯೆಲ್ಲ ದದ್ದು, ಊತ, ಅಂಥದ್ದು?"

ಅವಳು ಬಾಯಿ ತೆರೆಯುವುದರೊಳಗೆ ಅತ್ತೆ ಹೇಳಿದರು, "ಇಲ್ಲಪ್ಪ. ನಮ್ಮನೇಲಿ ಯಾರಿಗೂ ಅಂಥದ್ದೇನಿಲ್ಲ."

ಸುಳ್ಳಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನಮ್ಮನೇಲಿ ಅನ್ನುವ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಈ ಹುಡುಗಿ ಆ ಮನೆಗೆ ಬಂದು ಎರಡು ವರ್ಷವಾಗಿರಬಹುದು. ಅದಕ್ಕೆ ಮುಂಚೆ ಇಪ್ಪತ್ತನಾಲ್ಕು ವರ್ಷ ಅವಳಿಗೊಂದು ಮೈಯಿತ್ತು. ನಾನು ಮದುವೆಯಾಗಿ ಬಂದಾಗಲೂ ಹೀಗೇ, ನನಗೆ ಬಾಲ್ಯದಲ್ಲಿ ಕೈ ಮುರಿದಿತ್ತೆಂದು ಅತ್ತೆಗೆ ಗೊತ್ತಾದದ್ದು ಹನ್ನೆರಡು ವರ್ಷದ ಮೇಲೆ.

"ಅತ್ತೆ ಮನೆಗೆ ಬರೋಕೆ ಮುಂಚೆ?" ಅಂದೆ, ಹುಡುಗಿಯನ್ನೇ ನೋಡುತ್ತಾ. "ಚಿಕ್ಕೋಳಿದ್ದಾಗ?"

"ಗೊತ್ತಿಲ್ಲ ಅಕ್ಕ. ಅಮ್ಮನ್ನ ಕೇಳ್ಬೇಕು."

"ಕೇಳು."

ಅವಳು ಅತ್ತೆಯ ಮುಖ ನೋಡಿ, ಆಮೇಲೆ ಫೋನ್ ತೆಗೆದಳು. ಮಗು ಅತ್ತಿತು, ಅತ್ತೆ ಎತ್ತಿಕೊಂಡರು. ಫೋನಿನಿಂದ ಅವಳ ತಾಯಿಯ ದನಿ ಕೋಣೆಗೆಲ್ಲ ಕೇಳಿಸಿತು. ಹುಡುಗಿ ಪ್ರಶ್ನೆ ಕೇಳಿದಳು.

"ಯಾಕೆ, ಏನಾಯ್ತು?" ಅಂದರು ತಾಯಿ. ಆಮೇಲೆ, "ನಾಲ್ಕು ವರ್ಷದವಳಿದ್ದಾಗ ಗಂಟಲು ನೋವಿಗೆ ಒಂದು ಗುಲಾಬಿ ಬಣ್ಣದ ಸಿರಪ್ ಕೊಟ್ಟಿದ್ರು. ಮೊದಲನೇ ಸಲ ಏನೂ ಆಗಲಿಲ್ಲ. ಮುಂದಿನ ಸಲ ಎರಡು ಚಮಚಕ್ಕೆ ಮುಖ ಎಲ್ಲ ಊದಿ, ಉಸಿರು ಸಿಕ್ಕಾಕೊಂಡು, ನಾನು ಎತ್ಕೊಂಡು ಬರಿಗಾಲಲ್ಲಿ ಓಡಿದ್ದೆ. ಬಾಟಲಿ ಮೇಲಿನ ಹಾಳೆ ಕಿತ್ತಿಟ್ಟಿದೀನಿ. ಇರಿ."

ಬೀರುವಿನ ಬಾಗಿಲು ತೆರೆದ ಸದ್ದು. ಅವರು ಒಂದೊಂದೇ ಅಕ್ಷರ ಓದಿದರು. ಅದು ನಾನು ಬರೆದ ಔಷಧಿಯ ಜಾತಿಯದೇ.

"ಮದುವೆ ಹೊತ್ತಲ್ಲಿ ಹೇಳೋಣ ಅಂದ್ಕೊಂಡೆ" ಅಂದಿತು ಆ ದನಿ, ಸಣ್ಣದಾಗಿ. "ಹುಡುಗೀಲಿ ಏನೋ ಐಬಿದೆ ಅಂದ್ಕೊಂಡಾರು ಅಂತ ಸುಮ್ಮನಾದೆ."

ಅತ್ತೆ ಮಗುವಿನ ಬೆನ್ನು ತಟ್ಟುತ್ತಾ ಗೋಡೆ ಕಡೆ ತಿರುಗಿಕೊಂಡರು. ಹೆಗಲು ಅಲುಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಫೋನಿನ ಹತ್ತಿರ ಬಂದು, "ನೀವು ಹೇಳಿದ್ರೆ ನಾವು ಹಾಗೆಲ್ಲ ಅಂದ್ಕೋತಿರಲಿಲ್ಲ" ಅಂದರು. ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿ, "ಅಂದ್ಕೋತಿದ್ವೇನೋ" ಅಂದರು.

ನಾನು ಆ ಹಾಳೆ ಹರಿದು ಜೇಬಿಗೆ ಹಾಕಿಕೊಂಡು, ಕೆಳಗಿನ ಹಾಳೆಯಲ್ಲಿ ಬೇರೆ ಜಾತಿಯ ಔಷಧಿ ಬರೆದೆ. ತಾಯಿಗೂ ಆಗುವುದು, ಹಾಲು ಕುಡಿಯುವ ಕೂಸಿಗೂ ಆಗುವುದು. ಪುಸ್ತಕ ತೆಗೆದು ನೋಡಿದೆ, ಗೊತ್ತಿದ್ದರೂ ನೋಡಿದೆ. ಈ ಸಲ ಶಾಯಿಯಲ್ಲಿ. ಸಹಿ ಹಾಕುವಾಗ ಹೆಸರಿನ ಕೊನೆಯ ಅಕ್ಷರ ಬಾಲ ಬಿಟ್ಟ ಗಾಳಿಪಟದ ಹಾಗೆ ಎತ್ತಲೋ ಹೋಯಿತು. ಮಗುವಿಗೆ ಹಾಲೂಡಿಸುವುದು ನಿಲ್ಲಿಸಬೇಡ, ನಾಳೆ ಬೆಳಗ್ಗೆ ಬಂದು ತೋರಿಸು, ಗಂಟು ಕೈಗೆ ಸಿಕ್ಕರೆ ಅಥವಾ ಜ್ವರ ಏರಿದರೆ ನನಗೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗು ಎಂದು ಹೇಳಿ ಕಳಿಸಿದೆ.

ಅವರು ಹೋಗಿ ಐದು ನಿಮಿಷವಾಗಿರಲಿಲ್ಲ, ಯಜಮಾನರೇ ಬಂದರು. ಕೆಲಸದ ಹೊತ್ತಿನಲ್ಲಿ ಅವರು ಅಂಗಡಿ ಬಿಟ್ಟು ರಸ್ತೆ ದಾಟಿದ್ದನ್ನು ನಾನು ನೋಡಿಯೇ ಇರಲಿಲ್ಲ. ಕೈಯಲ್ಲಿ ನನ್ನ ಚೀಟಿ. ಆಯಿತು, ಏನೋ ತಪ್ಪು ಸಿಕ್ಕಿದೆ, ಒಂದೇ ಚೀಟಿಗೆ ಎಲ್ಲ ಮುಗಿಯಿತು ಅಂದುಕೊಂಡೆ.

ಹೆಂಡತಿ ಏನೂ ಹೇಳಿರಲಿಲ್ಲವಂತೆ, ಚೀಟಿ ಕೊಟ್ಟು ಸೊಸೆಯನ್ನು ಮನೆಗೆ ಕರೆದುಕೊಂಡು ಹೋಗಿದ್ದರು. ಅವರು ಚೀಟಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು.

"ಇದರ ಮೇಲಿನ ಹಾಳೇಲಿ ಬೇರೆ ಹೆಸರಿತ್ತು. ಒತ್ತಿ ಬರೆದಿದ್ದೀರಿ, ಅಚ್ಚು ಕೆಳಗೆ ಬಿದ್ದಿದೆ. ಎಲ್ರೂ ಬರಿಯೋದು ಅದನ್ನೇ. ಯಾಕೆ ಬದಲಾಯಿಸಿದ್ರಿ?"

ಹೇಳಿದೆ. ಗುಲಾಬಿ ಬಣ್ಣದ ಸಿರಪ್ಪು, ಬರಿಗಾಲಲ್ಲಿ ಓಡಿದ ತಾಯಿ, ಬೀರುವಿನಲ್ಲಿಟ್ಟ ಹಾಳೆ. ಅವರು ಕೇಳುತ್ತಾ ರೋಗಿಗಳು ಕೂರುವ ಸ್ಟೂಲಿನ ಮೇಲೆ ಕೂತರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

"ಅಂಗಡಿಗೆ ಬಂದೋರ್ನೆಲ್ಲ ಕೇಳ್ತೀನಿ ನಾನು, ಒಗ್ಗುತ್ತಾ ಇಲ್ವಾ ಅಂತ" ಅಂದರು. "ಎರಡು ವರ್ಷದಿಂದ ಒಂದೇ ಮೇಜಲ್ಲಿ ಊಟ ಮಾಡ್ತೀವಿ. ಅವಳನ್ನ ಕೇಳಿರಲಿಲ್ಲ. ಮೊದಲನೇ ಹೆಸರೇ ಬಂದಿದ್ರೂ ಸೊಸೆ ತಾನೇ ಅಂತ ಕೊಟ್ಟುಬಿಡ್ತಿದ್ದೆ."

ಅವರ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು ಹೆಮ್ಮೆ ಪಡಬಹುದಿತ್ತು. ಹೆಮ್ಮೆ ಬರಲಿಲ್ಲ. ಜೇಬಿನಲ್ಲಿದ್ದ ಮೊದಲ ಹಾಳೆ ಕೆಂಡದ ಹಾಗೆ ತಾಗುತ್ತಿತ್ತು.

ಅವರು ಎದ್ದರು. ಬಾಗಿಲಲ್ಲಿ ನಿಂತು, "ಸಹಿ ಮಾತ್ರ ಸ್ವಲ್ಪ ನೆಟ್ಟಗೆ ಹಾಕಿ ಸಿಸ್ಟರ್. ಈ ಬಾಲ ನೋಡಿದ್ರೆ ಯಾರಾದ್ರೂ ಅನುಮಾನ ಪಡ್ತಾರೆ" ಅಂದರು. ಈ ಸಲ ಅಣಕದ ಆ ಸಿಸ್ಟರಮ್ಮ ಅಂದಿರಲಿಲ್ಲ ಎಂದು ಅವರು ರಸ್ತೆ ದಾಟಿದ ಮೇಲೆ ಹೊಳೆಯಿತು.

ಮರುದಿನ ಜ್ವರ ನೂರಕ್ಕಿಳಿದಿತ್ತು. ಶುಕ್ರವಾರ ಬಂದಾಗ ಜ್ವರವೇ ಇರಲಿಲ್ಲ, ಕೆಂಪು ಮಾಸುತ್ತಿತ್ತು. ಹುಡುಗಿ ತಲೆ ಬಾಚಿಕೊಂಡಿದ್ದಳು. ಮಗು ನನ್ನ ಬೆರಳು ಹಿಡಿದು ಬಿಡಲೊಲ್ಲದು. ಉಗುರು ಎಷ್ಟು ಸಣ್ಣವೆಂದರೆ ನೋಡಲು ಕನ್ನಡಕ ಬೇಕಾಯಿತು. ಏನೂ ಆಗಿರಲಿಲ್ಲ. ಏನೂ ಆಗದಿರುವುದು ಇಷ್ಟು ದೊಡ್ಡ ಸಂಗತಿ ಎಂದು ಇಷ್ಟು ವರ್ಷ ಈ ಕೆಲಸದಲ್ಲಿದ್ದೂ ನಾನು ಕಂಡಿರಲಿಲ್ಲ.

ಅವತ್ತು ಜನ ಕರಗಿದ ಮೇಲೆ ಡಾಕ್ಟರ ಮುಂದೆ ಆ ಪೆನ್ಸಿಲ್ಲಿನ ಹಾಳೆ ಇಟ್ಟೆ. ನಡೆದದ್ದೆಲ್ಲ ಹೇಳಿದೆ. ಅವರು ಓದಿ, ಅಭ್ಯಾಸಬಲದಿಂದ ಪೆನ್ನು ತೆಗೆದು ಹಾಳೆಯ ಮೇಲೆ ಹಿಡಿದರು. ನೆನಪಾಗಿ ನಕ್ಕು ಮುಚ್ಚಳ ಹಾಕಿದರು.

"ಆ ಹತ್ತು ಸೆಕೆಂಡು ನೀವು ಏನು ಯೋಚಿಸ್ತಿದ್ರಿ ಡಾಕ್ಟ್ರೇ?" ಅಂದೆ. "ನಾನು ಬರೆದದ್ದು ತಪ್ಪಿರಬಹುದು ಅಂತಾನಾ?"

"ಸರಿ ಇರುತ್ತೆ ಅಂತ ಗೊತ್ತಿತ್ತು. ಅದಕ್ಕೇ ಭಯ. ಸರಿ ಇದ್ದದ್ದನ್ನ ಯಾರೂ ಎರಡನೇ ಸಲ ನೋಡಲ್ಲ." ಹಾಳೆಯನ್ನು ಮಡಿಸಿ ನನ್ನ ಕಡೆ ಸರಿಸಿದರು. "ಕೆಲಸಕ್ಕೆ ಸೇರಿದ ವರ್ಷ ಒಬ್ಬರನ್ನ ಕೇಳಿರಲಿಲ್ಲ ಸಿಸ್ಟರ್. ಒಂದೇ ಸಲ."

ಬ್ಯಾಗು ಎತ್ತಿಕೊಳ್ಳುತ್ತಾ, "ಇನ್ಮೇಲೆ ನನಗೆ ಬುಧವಾರ ಚೆನ್ನಾಗಿ ನಿದ್ದೆ ಬರುತ್ತೆ. ನಿಮಗೆ ಬರಲ್ಲ" ಅಂದು ಹೋದರು.

ಮುಂದಿನ ಬುಧವಾರ ಮೊಣಕಾಲಜ್ಜ ಬಂದರು. ಡಾಕ್ಟರ ದಿನ ಬಿಟ್ಟು ನನ್ನ ದಿನವೇ ಬಂದದ್ದು, ಪೆನ್ಸಿಲಕ್ಕನ ಹೊಸ ಅಧಿಕಾರ ಹೇಗಿದೆ ನೋಡೋಣ ಎಂದು. ಅದೇ ಮೊಣಕಾಲು, ಅದೇ ನೋವು, ಅದೇ ನೋವಿನ ಮಾತ್ರೆ, ನನ್ನ ಪಟ್ಟಿಯಲ್ಲೂ ಇದ್ದದ್ದು. ತುರುಬಿನಿಂದ ಪೆನ್ಸಿಲ್ ತೆಗೆದು ಬರೆದೆ. ಈ ಸಲ ಬೇಕೆಂದೇ. ಆಮೇಲೆ ಪೆನ್ನು ತೆಗೆದು, ಒಂದು ಬೆರಳಷ್ಟು ಮೇಲೆ ಹಿಡಿದು, ಅವರ ಮುಖ ನೋಡಿದೆ. ಎಷ್ಟೋ ವರ್ಷದಿಂದ ನೋಡಿದ ಮುಖ. ಇವತ್ತು ಸ್ವಲ್ಪ ಬಿಳುಚಿಕೊಂಡಿತ್ತೇ?

ಅಜ್ಜ ಬಾಗಿಲ ಕಡೆ ತಿರುಗಿದರು. "ಹೋಯ್ತು, ಅಕ್ಕನ ಪೆನ್ನಿಗೂ ನಿದ್ದೆ ಬಂತು. ಅಂಟುರೋಗ ಇದು." ಬೆಂಚಿನವರು ನಕ್ಕರು.

"ಅಜ್ಜ," ಅಂದೆ ಮೆಲ್ಲಗೆ, "ಹೊಟ್ಟೆ ಉರಿ ಏನಾದ್ರೂ ಇದೆಯಾ? ಮಲ ಕಪ್ಪಗೆ ಹೋಗ್ತಿದೆಯಾ?"

ಅವರ ನಗು ಅಲ್ಲೇ ನಿಂತಿತು. ಬೆಂಚಿನ ಕಡೆ ನೋಡಿ, ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಹದಿನೈದು ದಿನದಿಂದ. ಮನೇಲಿ ಹೆಂಡ್ತಿಗೂ ಹೇಳಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಿರಲಿಲ್ಲ ಅಜ್ಜ," ಅಂದೆ. "ಅದಕ್ಕೇ ಕೇಳಿದೆ."

ತಿಂಗಳಾನುಗಟ್ಟಲೆ ನುಂಗಿದ ಆ ನೋವಿನ ಮಾತ್ರೆಯಿಂದಲೇ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಮಾತ್ರೆಯ ಹೆಸರನ್ನು ರಬ್ಬರಿನಿಂದ ಪೂರ್ತಿ ಅಳಿಸಿ, ದೊಡ್ಡ ಆಸ್ಪತ್ರೆಗೆ ಕಾಗದ ಬರೆಯಲು ಕೂತೆ. ಅಜ್ಜ ನನ್ನ ಪೆನ್ನನ್ನೇ ನೋಡುತ್ತಿದ್ದರು.